ಶೇಷದ ಸಾಕ್ಷ್ಯ

ಭಾಗಾಕಾರದ ಲೆಕ್ಕದಲ್ಲಿ ಎಲ್ಲರ ಕಣ್ಣೂ ಭಾಗಲಬ್ಧದ ಮೇಲಿರುತ್ತದೆ. ಹಂಚಿದ ಮೇಲೆ ತಲೆಗೆಷ್ಟು ಬಂದಿತೆಂಬುದೇ ಮುಖ್ಯ. ಹಂಚಲಾಗದೆ ಉಳಿದ ಒಂದೆರಡನ್ನು ಕೇಳುವವರು ವಿರಳ. ಆದರೆ ದಿನನಿತ್ಯದ ಬಾಳಿನಲ್ಲಿ ಆ ಶೇಷವೇ ಬೇಕಾಗುವ ಸಂದರ್ಭಗಳು ಅನೇಕ. ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ರಾತ್ರಿ 10 ಗಂಟೆಗೆ ಪಾಳಿಗೆ ಹೋದ ಕಾರ್ಮಿಕನು 8 ಗಂಟೆ ದುಡಿದು ಹೊರಬರುವಾಗ ಅಲ್ಲಿನ ಗೋಡೆ ಗಡಿಯಾರವು 18 ಗಂಟೆಯೆಂದು ತೋರಿಸುವುದಿಲ್ಲ, 6 ಗಂಟೆಯೆಂದು ತೋರಿಸುತ್ತದೆ. 18ನ್ನು 12ರಿಂದ ಭಾಗಿಸಿ, ಭಾಗಲಬ್ಧವನ್ನು ಬದಿಗಿಟ್ಟು, ಶೇಷವನ್ನಷ್ಟೇ ಅದು ಹೇಳುತ್ತದೆ. ಇಂದು ಸೋಮವಾರವಾದರೆ ನೂರು ದಿನಗಳ ಅನಂತರ ಯಾವ ವಾರ? 100ನ್ನು 7ರಿಂದ ಭಾಗಿಸಿದರೆ ಉಳಿಯುವುದು 2. ಆದುದರಿಂದ ಅಂದು ಬುಧವಾರ. ಹದಿನಾಲ್ಕು ವಾರಗಳು ಕಳೆದುಹೋದುವೆಂಬುದು ಇಲ್ಲಿ ಯಾರಿಗೂ ಬೇಡವಾದ ಸಂಗತಿ.

ಹೀಗೆ ಒಂದು ಸಂಖ್ಯೆಯನ್ನು ಗೊತ್ತಾದ ಭಾಜಕದಿಂದ ಭಾಗಿಸಿ, ಉಳಿದ ಶೇಷವನ್ನೇ ಆ ಸಂಖ್ಯೆಯ ಪ್ರತಿನಿಧಿಯೆಂದು ಹಿಡಿದು ನಡೆಸುವ ಗಣಿತಕ್ಕೆ ಶೇಷಗಣಿತ ಅಥವಾ ಮಾಡ್ಯುಲರ್ ಅಂಕಗಣಿತ ಎಂದು ಹೆಸರು. ಜರ್ಮನಿಯ ಗಣಿತಜ್ಞ ಗೌಸ್ 1801ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ, ಪ್ರಕಟಿಸಿದ ಗ್ರಂಥವೊಂದರಲ್ಲಿ ಇದಕ್ಕೆ ಕ್ರಮಬದ್ಧವಾದ ರೂಪವನ್ನಿತ್ತನು. ಇದರ ದೊಡ್ಡ ಅನುಕೂಲವೆಂದರೆ, ಸಂಖ್ಯೆಗಳನ್ನು ಕೂಡುವ ಅಥವಾ ಗುಣಿಸುವ ಬದಲು ಅವುಗಳ ಶೇಷಗಳನ್ನೇ ಕೂಡಬಹುದು, ಗುಣಿಸಬಹುದು. 47 ಮತ್ತು 38ರ ಗುಣಲಬ್ಧವನ್ನು 7ರಿಂದ ಭಾಗಿಸಿದರೆ ಉಳಿಯುವುದೆಷ್ಟೆಂದು ತಿಳಿಯಲು 1786ರವರೆಗೆ ಹೋಗಬೇಕಾಗಿಲ್ಲ. 47ರ ಶೇಷ 5, 38ರ ಶೇಷ 3. ಇವುಗಳ ಗುಣಲಬ್ಧ 15. ಅದರ ಶೇಷ 1. ಉತ್ತರ ಅದೇ. ಎಷ್ಟೇ ದೊಡ್ಡ ಲೆಕ್ಕವಾದರೂ ಶೇಷವು ಭಾಜಕವನ್ನು ಮೀರಿ ಬೆಳೆಯಲಾರದು. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಬರುವುದೆಲ್ಲವೂ ಇದರ ಮೇಲೆ ನಿಂತಿದೆ.

ಶೇಷದ ಮೇಲಿನ ಆಸ್ಥೆ ಕನ್ನಡ ನಾಡಿಗೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಅದರಲ್ಲೊಂದು ಬಾಳೆಹಣ್ಣಿನ ಲೆಕ್ಕವಿದೆ. ಕಾಡಿನಂಚಿನಲ್ಲಿ ಒಂದೇ ಸಮನಾದ 63 ರಾಶಿ ಬಾಳೆಹಣ್ಣುಗಳಿವೆ; ಜೊತೆಗೆ ಬಿಡಿಯಾಗಿ 7 ಹಣ್ಣುಗಳು. ಅವೆಲ್ಲವನ್ನೂ 23 ಮಂದಿ ದಾರಿಹೋಕರು ಒಂದೂ ಉಳಿಯದಂತೆ ಸಮನಾಗಿ ಹಂಚಿಕೊಂಡರು. ಒಂದು ರಾಶಿಯಲ್ಲಿ ಎಷ್ಟು ಹಣ್ಣುಗಳಿದ್ದುವು? ಶೇಷಗಳ ಕಣ್ಣಿನಿಂದ ನೋಡಿದರೆ 63ರ ಬದಲು 17 ಎಂದು ಹಿಡಿದರೆ ಸಾಕು. ಏಕೆಂದರೆ 63ನ್ನು 23ರಿಂದ ಭಾಗಿಸಿದಾಗ ಉಳಿಯುವುದು 17. ಈಗ 17ನ್ನು ಯಾವ ಸಂಖ್ಯೆಯಿಂದ ಗುಣಿಸಿ 7ನ್ನು ಕೂಡಿದರೆ 23ಕ್ಕೆ ನಿಶ್ಶೇಷವಾಗಿ ಹೋಗುತ್ತದೆ? 5ರಿಂದ ಗುಣಿಸಿದರೆ 85. 7 ಕೂಡಿದರೆ 92. ಅದು 23ರ ನಾಲ್ಕರಷ್ಟು. ರಾಶಿಗೆ 5 ಹಣ್ಣುಗಳು, ಒಟ್ಟು 322, ತಲೆಗೆ 14. ಇಂಥ ಲೆಕ್ಕಗಳನ್ನು ಬಿಡಿಸುವ ಕ್ರಮವನ್ನು ನಮ್ಮ ಪ್ರಾಚೀನರು ಕುಟ್ಟಕವೆಂದು ಕರೆದರು.

ಅಂದು ಹಣ್ಣು ಹಂಚಿದ ಶೇಷಗಣಿತ ಇಂದು ಗುಟ್ಟು ಕಾಯುವ ಕೆಲಸಕ್ಕೆ ನಿಂತಿದೆ. ಬೆಂಗಳೂರಿನ ದಕ್ಷಿಣಕ್ಕೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ರೂಪಿಸತೊಡಗಿತು. ಇಂದು ಅಲ್ಲಿಯೂ ಪೂರ್ವದ ವೈಟ್‌ಫೀಲ್ಡಿನಲ್ಲಿಯೂ ಸಾಲುಸಾಲಾಗಿ ನಿಂತಿರುವ ಕಚೇರಿಗಳಲ್ಲಿ ಲಕ್ಷಾಂತರ ಜನರು ಗಣಕಯಂತ್ರಗಳ ಮುಂದೆ ಕುಳಿತು ದೇಶವಿದೇಶಗಳೊಡನೆ ವ್ಯವಹರಿಸುತ್ತಾರೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ವ್ಯಾಪಾರದ ಒಪ್ಪಂದ, ಇವೆಲ್ಲವೂ ತಂತಿಯ ಮೇಲೆ ಓಡಾಡುತ್ತವೆ. ದಾರಿಯಲ್ಲಿ ಯಾರು ಬೇಕಾದರೂ ಅವನ್ನು ಕದ್ದು ನೋಡಬಹುದು. ಆದುದರಿಂದ ಕಳುಹಿಸುವ ಮುನ್ನ ಅವಕ್ಕೆ ಬೀಗ ಹಾಕಬೇಕು. ಸೇರಬೇಕಾದವರು ಮಾತ್ರ ಅದನ್ನು ತೆರೆಯುವಂತಿರಬೇಕು.

ಇಂಥದೊಂದು ಬೀಗವನ್ನು 1977ರಲ್ಲಿ ಅಮೆರಿಕದಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕಂಡುಹಿಡಿದರು. ಅವರ ಹೆಸರಿನ ಮೊದಲ ಅಕ್ಷರಗಳಿಂದ ಅದು ಆರ್.ಎಸ್.ಎ. ಎಂದು ಪ್ರಸಿದ್ಧವಾಗಿದೆ. ಒತ್ತಿದರೆ ತಾನೇ ಮುಚ್ಚಿಕೊಳ್ಳುವ ಬೀಗವನ್ನು ಯಾರು ಬೇಕಾದರೂ ಹಾಕಬಹುದು, ಆದರೆ ಕೀಲಿಯಿದ್ದವನೇ ತೆರೆಯಬೇಕು. ಇದೂ ಹಾಗೆಯೇ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಆರಿಸಿ ಗುಣಿಸಿ, ಗುಣಲಬ್ಧವನ್ನು ಲೋಕಕ್ಕೆಲ್ಲ ಸಾರಿ ಹೇಳಲಾಗುತ್ತದೆ. ಬೀಗ ಹಾಕಲು ಅದು ಸಾಕು. ತೆರೆಯಲು ಮೂಲದ ಎರಡು ಸಂಖ್ಯೆಗಳು ಬೇಕು, ಅವು ಗುಪ್ತವಾಗಿರುತ್ತವೆ. 89 ಮತ್ತು 97ನ್ನು ಗುಣಿಸಿ 8633 ಎನ್ನುವುದು ಒಂದು ನಿಮಿಷದ ಕೆಲಸ. ಆದರೆ 8633ನ್ನು ಮಾತ್ರ ಕೊಟ್ಟು ಅದರ ಅಪವರ್ತನಗಳನ್ನು ಕೇಳಿದರೆ ಜಾಣ ವಿದ್ಯಾರ್ಥಿಯೂ ಬೆವರಬೇಕಾಗುತ್ತದೆ. ಸಂಖ್ಯೆಗಳು ಬೆಳೆದಂತೆ ಈ ವ್ಯತ್ಯಾಸವು ಅಗಾಧವಾಗುತ್ತದೆ. ಆಧಾರ್ ವ್ಯವಸ್ಥೆಯಲ್ಲಿ ಹೆಬ್ಬೆರಳಿನ ಗುರುತನ್ನು ಕಳುಹಿಸುವಾಗ ಬಳಸಲೆಂದು ಗೊತ್ತುಮಾಡಿದ ಆರ್.ಎಸ್.ಎ. ಬೀಗದ ಗುಣಲಬ್ಧವು 617 ಅಂಕಿಗಳಷ್ಟು ಉದ್ದ. ಹಳ್ಳಿಯ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗಾಗಿ ಯಂತ್ರದ ಮೇಲೆ ಬೆರಳೊತ್ತುವ ಅಜ್ಜಿಗೆ ಅವಿಭಾಜ್ಯ ಸಂಖ್ಯೆಯೆಂದರೇನೆಂದು ತಿಳಿಯದಿರಬಹುದು. ಆದರೆ ಆಕೆಯ ಬೆರಳ ಗುರುತಿನ ಕಾವಲು ಅದರದೇ.

ಇಲ್ಲಿಯೇ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. 617 ಅಂಕಿಗಳ ಗುಣಲಬ್ಧಕ್ಕೆ ಸುಮಾರು 309 ಅಂಕಿಗಳ ಎರಡು ಅವಿಭಾಜ್ಯ ಸಂಖ್ಯೆಗಳು ಬೇಕು. ಆರಿಸಿದ ಸಂಖ್ಯೆ ಅವಿಭಾಜ್ಯವಾಗಿರದಿದ್ದರೆ ಸರಿಯಾದ ಕೀಲಿಯಿಂದಲೂ ಬೀಗ ತೆರೆಯದೆ ಹೋಗಬಹುದು, ಅಥವಾ ಕಳ್ಳನ ಕೆಲಸ ಹಗುರವಾಗಬಹುದು. ಅಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯವೆಂದು ತಿಳಿಯುವುದೆಂತು?

ಶಾಲೆಯಲ್ಲಿ ಕಲಿತ ವಿಧಾನ ಎಲ್ಲರಿಗೂ ಗೊತ್ತು. 1 ಮತ್ತು ತನ್ನನ್ನು ಬಿಟ್ಟು ಬೇರೆ ಭಾಜಕವಿಲ್ಲದ, 1ಕ್ಕಿಂತ ದೊಡ್ಡದಾದ ಸಂಖ್ಯೆಯೇ ಅವಿಭಾಜ್ಯ. ಆದುದರಿಂದ 2, 3, 5, 7 ಎಂದು ಒಂದೊಂದರಿಂದಲೂ ಭಾಗಿಸಿ ನೋಡಬೇಕು. ಸಂಖ್ಯೆಯ ವರ್ಗಮೂಲದವರೆಗೆ ಹೋದರೆ ಸಾಕು. 91ಕ್ಕೆ ಈ ವಿಧಾನ ಸುಲಭ; 7ರ ಬಳಿ ಬಂದಾಗ ಅದು 7 ಮತ್ತು 13ರ ಗುಣಲಬ್ಧವೆಂದು ಗೊತ್ತಾಗುತ್ತದೆ. ಆದರೆ 309 ಅಂಕಿಗಳ ಸಂಖ್ಯೆಯ ವರ್ಗಮೂಲಕ್ಕೇ 155 ಅಂಕಿಗಳಿರುತ್ತವೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಭಾಗಾಕಾರಗಳನ್ನು ಮಾಡುವ ಯಂತ್ರವಿದ್ದರೂ, ಅದು ವಿಶ್ವ ಹುಟ್ಟಿದಂದಿನಿಂದ, ಅಂದರೆ ಸುಮಾರು 1380 ಕೋಟಿ ವರ್ಷಗಳಿಂದ, ಬಿಡುವಿಲ್ಲದೆ ದುಡಿದಿದ್ದರೂ, ಈ ಕೆಲಸದ ಮೊದಲ ಮೆಟ್ಟಿಲನ್ನೂ ದಾಟಿರುತ್ತಿರಲಿಲ್ಲ. ಭಾಜಕಗಳನ್ನು ಹುಡುಕದೆಯೇ ಸಂಖ್ಯೆಯ ಗುಣವನ್ನು ಅರಿಯುವ ಉಪಾಯ ಬೇಕು. ಆ ಉಪಾಯವನ್ನು ಕೊಟ್ಟದ್ದು ಶೇಷಗಣಿತ.

ಫ್ರಾನ್ಸಿನ ತುಲೂಸ್ ನಗರದಲ್ಲಿ ನ್ಯಾಯಾಂಗದ ಅಧಿಕಾರಿಯಾಗಿದ್ದು ಬಿಡುವಿನ ವೇಳೆಯಲ್ಲಿ ಗಣಿತವನ್ನು ಉಪಾಸಿಸುತ್ತಿದ್ದ ಫರ್ಮಾ 1640ರಲ್ಲಿ ತನ್ನ ಮಿತ್ರನಿಗೆ ಬರೆದ ಪತ್ರದಲ್ಲಿ ಒಂದು ಸಂಗತಿಯನ್ನು ತಿಳಿಸಿದನು. ಯಾವುದೇ ಅವಿಭಾಜ್ಯ ಸಂಖ್ಯೆಯನ್ನು ತೆಗೆದುಕೊಂಡು, ಅದರಿಂದ ಭಾಗವಾಗದ ಇನ್ನೊಂದು ಸಂಖ್ಯೆಯನ್ನು ಆಧಾರವಾಗಿ ಆರಿಸಿ, ಆ ಆಧಾರವನ್ನು ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಘಾತಕ್ಕೆ ಏರಿಸಿದರೆ, ಬಂದ ಫಲವನ್ನು ಆ ಅವಿಭಾಜ್ಯದಿಂದ ಭಾಗಿಸಿದಾಗ ಉಳಿಯುವ ಶೇಷ ಯಾವಾಗಲೂ 1. 7ನ್ನು ತೆಗೆದುಕೊಂಡರೆ, 2ರ 6ನೆಯ ಘಾತ 64. ಅದು 63 ಮತ್ತು 1. 13ನ್ನು ತೆಗೆದುಕೊಂಡರೆ, 2ರ 12ನೆಯ ಘಾತ 4096. ಅದು 13ರ 315ರಷ್ಟು ಮತ್ತು 1. ಸಂಯುಕ್ತ ಸಂಖ್ಯೆಯಾದ 9ನ್ನು ತೆಗೆದುಕೊಂಡರೆ, 2ರ 8ನೆಯ ಘಾತ 256. 9ರಿಂದ ಭಾಗಿಸಿದರೆ ಉಳಿಯುವುದು 4. ಶೇಷ 1 ಬರಲಿಲ್ಲ. ಆದುದರಿಂದ 9 ಅವಿಭಾಜ್ಯವಲ್ಲ.

ಫರ್ಮಾ ಸಾಧನೆಯನ್ನು ಬರೆಯಲಿಲ್ಲ. ಆಯ್ಲರನು ಅದನ್ನು ಸಾಧಿಸಿ 1736ರಲ್ಲಿ ಮಂಡಿಸಿದನು. ಅದರ ಮರ್ಮವನ್ನು ಒಂದು ಉದಾಹರಣೆಯಲ್ಲಿಯೇ ಕಾಣಬಹುದು. ಅವಿಭಾಜ್ಯ 7, ಆಧಾರ 3 ಎಂದಿರಲಿ. 1ರಿಂದ 6ರವರೆಗಿನ ಸಂಖ್ಯೆಗಳನ್ನು 3ರಿಂದ ಗುಣಿಸಿದರೆ 3, 6, 9, 12, 15, 18 ದೊರೆಯುತ್ತವೆ. 7ರಿಂದ ಭಾಗಿಸಿದಾಗ ಇವುಗಳ ಶೇಷಗಳು ಕ್ರಮವಾಗಿ 3, 6, 2, 5, 1, 4. ಅದೇ ಆರು ಸಂಖ್ಯೆಗಳು, ಸ್ಥಾನ ಮಾತ್ರ ಅದಲುಬದಲಾಗಿವೆ. ಒಂದೂ ಮರುಕಳಿಸಿಲ್ಲ, ಒಂದೂ ಬಿಟ್ಟುಹೋಗಿಲ್ಲ. ಹಾಗಾದರೆ ಮೊದಲ ಆರರ ಗುಣಲಬ್ಧವೂ ಎರಡನೆಯ ಆರರ ಗುಣಲಬ್ಧವೂ ಒಂದೇ ಶೇಷವನ್ನು ಕೊಡಬೇಕು. ಎರಡನೆಯದರಲ್ಲಿ 3 ಎಂಬುದು ಆರು ಬಾರಿ ಹೆಚ್ಚಾಗಿ ಸೇರಿದೆ. ಅದು ಸೇರಿಯೂ ಶೇಷ ಬದಲಾಗಲಿಲ್ಲವೆಂದ ಮೇಲೆ 3ರ 6ನೆಯ ಘಾತದ ಶೇಷ 1 ಆಗಿರಲೇಬೇಕು. 729ನ್ನು 7ರಿಂದ ಭಾಗಿಸಿದರೆ 104 ಬಂದು 1 ಉಳಿಯುವುದನ್ನು ಯಾರು ಬೇಕಾದರೂ ನೋಡಬಹುದು.

ಆದರೆ ಘಾತಗಳು ಬಹು ಬೇಗ ಬೆಳೆಯುತ್ತವೆ. 91ನ್ನು ಪರೀಕ್ಷಿಸಲು 2ರ 90ನೆಯ ಘಾತ ಬೇಕು. ಅದು 28 ಅಂಕಿಗಳ ಸಂಖ್ಯೆ. ಇಲ್ಲಿ ಹಿಂದೆ ಹೇಳಿದ ಮಾತು ನೆರವಿಗೆ ಬರುತ್ತದೆ: ಪ್ರತಿ ಹೆಜ್ಜೆಯಲ್ಲಿಯೂ ಶೇಷವನ್ನಷ್ಟೇ ಇಟ್ಟುಕೊಂಡರೆ ಸಾಕು. ಇದರ ಜೊತೆಗೆ ಒಂದೊಂದೇ ಬಾರಿ ಗುಣಿಸುವ ಬದಲು ವರ್ಗ ಮಾಡುತ್ತ ಹೋದರೆ ದಾರಿ ಬಹಳ ಹತ್ತಿರವಾಗುತ್ತದೆ. 91ರಿಂದ ಭಾಗಿಸಿದಾಗ 2ರ 2ನೆಯ ಘಾತದ ಶೇಷ 4. ಅದರ ವರ್ಗ 16, ಇದು 4ನೆಯ ಘಾತದ ಶೇಷ. 16ರ ವರ್ಗ 256, ಅದರ ಶೇಷ 74, ಇದು 8ನೆಯ ಘಾತದ್ದು. 74ರ ವರ್ಗ 5476, ಅದರ ಶೇಷ 16, ಇದು 16ನೆಯ ಘಾತದ್ದು. ಮುಂದೆ 32ನೆಯ ಘಾತಕ್ಕೆ 74, 64ನೆಯ ಘಾತಕ್ಕೆ 16. ಈಗ 90 ಎಂದರೆ 64, 16, 8, 2 ಇವುಗಳ ಮೊತ್ತ. ಆದುದರಿಂದ ಅವುಗಳ ಶೇಷಗಳಾದ 16, 16, 74, 4 ಇವನ್ನು ಗುಣಿಸಬೇಕು. 16 × 16ರ ಶೇಷ 74. 74 × 74ರ ಶೇಷ 16. 16 × 4 ಎಂದರೆ 64. ಶೇಷ 1 ಬರಬೇಕಾದಲ್ಲಿ 64 ಬಂದಿದೆ. 91 ಅವಿಭಾಜ್ಯವಲ್ಲವೆಂದು ಸಿದ್ಧವಾಯಿತು. ಗಮನಿಸಬೇಕಾದ ವಿಷಯವೆಂದರೆ, ಈ ಲೆಕ್ಕದಲ್ಲಿ 7 ಎಲ್ಲಿಯೂ ಕಾಣಿಸಿಕೊಳ್ಳಲಿಲ್ಲ, 13 ಕೂಡ ಕಾಣಿಸಿಕೊಳ್ಳಲಿಲ್ಲ. ಅಪವರ್ತನಗಳನ್ನು ಹಿಡಿಯದೆಯೇ ಅವು ಇವೆಯೆಂಬುದನ್ನು ಶೇಷ ಹೇಳಿಬಿಟ್ಟಿತು. 309 ಅಂಕಿಗಳ ಸಂಖ್ಯೆಗಾದರೆ ಇಂಥ ಸುಮಾರು ಸಾವಿರ ವರ್ಗಗಳೂ ಹೆಚ್ಚೆಂದರೆ ಅಷ್ಟೇ ಗುಣಾಕಾರಗಳೂ ಸಾಕು. ಇಂದಿನ ಗಣಕಯಂತ್ರಕ್ಕೆ ಅದು ಕಣ್ಣೆವೆ ಮುಚ್ಚಿ ತೆರೆಯುವಷ್ಟರ ಕೆಲಸ.

ಸಮಸ್ಯೆ ಪರಿಹಾರವಾಯಿತೆಂದು ಸಂತೋಷಪಡುವಂತಿಲ್ಲ. ಅವಿಭಾಜ್ಯವಾದರೆ ಶೇಷ 1 ಬರುತ್ತದೆಂದು ಫರ್ಮಾ ಹೇಳಿದನು. ಶೇಷ 1 ಬಂದರೆ ಸಂಖ್ಯೆ ಅವಿಭಾಜ್ಯವೆಂದು ಅವನ ಪ್ರಮೇಯ ಹೇಳುವುದಿಲ್ಲ. ಮಳೆ ಬಂದರೆ ಅಂಗಳ ತೋಯುತ್ತದೆ. ಅಂಗಳ ತೋಯ್ದ ಮಾತ್ರಕ್ಕೆ ಮಳೆ ಬಂದಿತೆಂದು ಹೇಳಲಾಗದು. ಅದೇ 91ನ್ನು ಆಧಾರ 3ರಿಂದ ಪರೀಕ್ಷಿಸಿ ನೋಡಬಹುದು. 3ರ 6ನೆಯ ಘಾತ 729. ಅದು 91ರ ಎಂಟರಷ್ಟು ಮತ್ತು 1. 90 ಎಂಬುದು 6ರ ಹದಿನೈದರಷ್ಟಾದುದರಿಂದ 3ರ 90ನೆಯ ಘಾತದ ಶೇಷವೂ 1. 2 ಎಂಬ ಸಾಕ್ಷಿ ನಿಜವನ್ನು ಹೊರಗೆಡಹಿತು. 3 ಎಂಬ ಸಾಕ್ಷಿ ಮೋಸಹೋಯಿತು. 2 ಕೂಡ ಯಾವಾಗಲೂ ನಂಬತಕ್ಕ ಸಾಕ್ಷಿಯಲ್ಲ. 341 ಎಂಬುದು 11 ಮತ್ತು 31ರ ಗುಣಲಬ್ಧ; ಆದರೆ 2ರ 340ನೆಯ ಘಾತವನ್ನು 341ರಿಂದ ಭಾಗಿಸಿದರೆ ಉಳಿಯುವುದು 1. ಅಲ್ಲಿ 3ನ್ನು ಕೇಳಿದರೆ ಶೇಷ 56 ಬಂದು ನಿಜ ಬಯಲಾಗುತ್ತದೆ.

ಒಂದು ಸಾಕ್ಷಿ ತಪ್ಪಿದರೆ ಇನ್ನೊಂದನ್ನು ಕೇಳಿದರಾಯಿತೆಂದು ತೋರಬಹುದು. ಅದಕ್ಕೂ ಅಡ್ಡಿಯಿದೆ. 561 ಎಂಬ ಸಂಖ್ಯೆ 3, 11, 17 ಇವುಗಳ ಗುಣಲಬ್ಧ. ಈ ಮೂರರಿಂದ ಭಾಗವಾಗದ ಯಾವ ಆಧಾರವನ್ನು ಹಿಡಿದರೂ ಫರ್ಮಾನ ಪರೀಕ್ಷೆಯಲ್ಲಿ ಶೇಷ 1 ಬರುತ್ತದೆ. 560 ಎಂಬುದು 2, 10, 16 ಮೂರರಿಂದಲೂ, ಅಂದರೆ ಅದರ ಪ್ರತಿಯೊಂದು ಅಪವರ್ತನಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯಿಂದಲೂ, ನಿಶ್ಶೇಷವಾಗಿ ಭಾಗವಾಗುವುದೇ ಇದಕ್ಕೆ ಕಾರಣ. ಇಂಥ ಕಪಟ ಸಂಖ್ಯೆಗಳನ್ನು 1910ರಲ್ಲಿ ಅಮೆರಿಕದ ಕಾರ್ಮೈಕಲ್ ವಿವರಿಸಿದುದರಿಂದ ಅವಕ್ಕೆ ಆತನ ಹೆಸರೇ ಬಂದಿದೆ. ಅವುಗಳಲ್ಲಿ ಮೊದಲನೆಯದು 561, ಎರಡನೆಯದು 1105. ಮೂರನೆಯದು ಭಾರತೀಯರೆಲ್ಲರಿಗೂ ಪರಿಚಿತವಾದದ್ದು: ಶ್ರೀನಿವಾಸ ರಾಮಾನುಜನ್ ಅವರ ಹೆಸರಿನೊಡನೆ ಬೆರೆತುಹೋಗಿರುವ 1729. ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತ್ಯಂತ ಚಿಕ್ಕ ಸಂಖ್ಯೆಯೆಂದು ಅದರ ಖ್ಯಾತಿ. 7, 13, 19ರ ಗುಣಲಬ್ಧವಾಗಿದ್ದೂ ಅವಿಭಾಜ್ಯದ ವೇಷ ಧರಿಸಬಲ್ಲದೆಂಬುದು ಅದರ ಇನ್ನೊಂದು ಗುಣ. ಇಂಥ ಸಂಖ್ಯೆಗಳಿಗೆ ಕೊನೆಯೇ ಇಲ್ಲವೆಂದು 1994ರಲ್ಲಿ ಪ್ರಕಟವಾದ ಸಾಧನೆಯೊಂದು ತೋರಿಸಿಕೊಟ್ಟಿತು.

ಈ ವೇಷವನ್ನು ಕಳಚುವ ಬಗೆಯನ್ನು ಅಮೆರಿಕದ ಗ್ಯಾರಿ ಮಿಲ್ಲರ್ 1976ರಲ್ಲಿ ಪ್ರಕಟಿಸಿದರು. ಇಸ್ರೇಲಿನ ಮೈಕಲ್ ರಾಬಿನ್ 1980ರಲ್ಲಿ ಅದನ್ನು ಬಳಕೆಗೆ ಒಗ್ಗುವಂತೆ ಬೆಳೆಸಿದರು. ಅದರ ತಳಹದಿ ಒಂಬತ್ತನೆಯ ತರಗತಿಯ ಬೀಜಗಣಿತವೇ. ಒಂದು ಸಂಖ್ಯೆಯ ವರ್ಗದ ಶೇಷ 1 ಆದರೆ, ಆ ವರ್ಗದಿಂದ 1ನ್ನು ಕಳೆದಾಗ ಬರುವುದು ಭಾಜಕಕ್ಕೆ ನಿಶ್ಶೇಷವಾಗಿ ಹೋಗುತ್ತದೆ. ವರ್ಗಗಳ ವ್ಯತ್ಯಾಸದ ಸೂತ್ರದಂತೆ ಅದು, ಆ ಸಂಖ್ಯೆಗಿಂತ ಒಂದು ಕಡಿಮೆ ಮತ್ತು ಒಂದು ಹೆಚ್ಚು ಎಂಬ ಎರಡರ ಗುಣಲಬ್ಧ. ಭಾಜಕ ಅವಿಭಾಜ್ಯವಾಗಿದ್ದರೆ ಅದು ಎರಡರಲ್ಲಿ ಒಂದನ್ನು ಭಾಗಿಸಲೇಬೇಕು. ಆದುದರಿಂದ 1ಕ್ಕೆ ವರ್ಗಮೂಲವಾಗಿ ಬರಬಹುದಾದ ಶೇಷಗಳು ಎರಡೇ: 1, ಇಲ್ಲವೆ ಭಾಜಕಕ್ಕಿಂತ ಒಂದು ಕಡಿಮೆಯಾದ ಸಂಖ್ಯೆ. ಮೂರನೆಯದೊಂದು ಕಾಣಿಸಿಕೊಂಡರೆ ಭಾಜಕ ಅವಿಭಾಜ್ಯವಲ್ಲ.

13ನ್ನು ಈ ಒರೆಗಲ್ಲಿಗೆ ಹಚ್ಚಿದರೆ, 2ರ 3ನೆಯ ಘಾತ 8. ಅದರ ವರ್ಗದ ಶೇಷ 12. ಮತ್ತೆ ವರ್ಗ ಮಾಡಿದರೆ 1. 1ಕ್ಕೆ ಹಿಂದೆ ನಿಂತಿರುವುದು 12, ಅಂದರೆ 13ಕ್ಕಿಂತ ಒಂದು ಕಡಿಮೆ. ಎಲ್ಲವೂ ಸರಿಯಾಗಿದೆ. ಈಗ 561ರ ಸರದಿ. 560 ಎಂಬುದು 35ರ ಹದಿನಾರರಷ್ಟು. 2ರ 35ನೆಯ ಘಾತದ ಶೇಷ 263. ಅಲ್ಲಿಂದ ವರ್ಗ ಮಾಡುತ್ತ ಹೋದರೆ 166, ಅನಂತರ 67, ಅನಂತರ 1. ಕೊನೆಯ 1ನ್ನು ಮಾತ್ರ ನೋಡುವ ಫರ್ಮಾನ ಪರೀಕ್ಷೆ ಇಲ್ಲಿ ಮೋಸಹೋಗುತ್ತದೆ. ಹೊಸ ಪರೀಕ್ಷೆ 1ಕ್ಕೆ ಹಿಂದೆ ನಿಂತವರಾರೆಂದು ಕೇಳುತ್ತದೆ. ಅಲ್ಲಿ ನಿಂತಿರುವುದು 67. 1 ಅಲ್ಲ, 560 ಕೂಡ ಅಲ್ಲ. 561ರ ಕಪಟ ಬಯಲಾಯಿತು.

ಈ ಪರೀಕ್ಷೆಯನ್ನೂ ಕೆಲವು ಆಧಾರಗಳು ತಪ್ಪು ದಾರಿಗೆಳೆಯಬಹುದು. ಆದರೆ ಯಾವ ಸಂಯುಕ್ತ ಸಂಖ್ಯೆಗೇ ಆಗಲಿ ಅಂಥ ಆಧಾರಗಳು ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಿರಲಾರವೆಂದು ರಾಬಿನ್ ಸಾಧಿಸಿದರು. ಕಣ್ಣುಮುಚ್ಚಿ ಆರಿಸಿದ ಇಪ್ಪತ್ತು ಆಧಾರಗಳಿಂದ ಪರೀಕ್ಷಿಸಿದರೆ, ಸಂಯುಕ್ತ ಸಂಖ್ಯೆಯೊಂದು ಎಲ್ಲವನ್ನೂ ದಾಟಿ ಪಾರಾಗುವ ಸಂಭವ ಒಂದು ಲಕ್ಷ ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ. ಎಲೆಕ್ಟ್ರಾನಿಕ್ಸ್ ಸಿಟಿಯ ಗಣಕಯಂತ್ರವಾಗಲಿ ಬೇರೆಲ್ಲಿಯದಾಗಲಿ, ಆರ್.ಎಸ್.ಎ. ಬೀಗಕ್ಕೆ ಹೊಸ ಕೀಲಿಯನ್ನು ತಯಾರಿಸುವಾಗ ಸಾಮಾನ್ಯವಾಗಿ ಮಾಡುವುದು ಇದನ್ನೇ. ಅದು ಮನಬಂದಂತೆ ಒಂದು ದೊಡ್ಡ ಬೆಸಸಂಖ್ಯೆಯನ್ನು ಆರಿಸಿ ಈ ಪರೀಕ್ಷೆಗೆ ಒಡ್ಡುತ್ತದೆ. ಸೋತರೆ ಇನ್ನೊಂದನ್ನು ಆರಿಸುತ್ತದೆ. 309 ಅಂಕಿಗಳ ಬೆಸಸಂಖ್ಯೆಗಳಲ್ಲಿ ಸರಾಸರಿ ಮುನ್ನೂರೈವತ್ತಕ್ಕೊಂದು ಅವಿಭಾಜ್ಯವಾದುದರಿಂದ ಬಹಳ ಹೊತ್ತು ಕಾಯಬೇಕಾಗುವುದಿಲ್ಲ.

ವ್ಯವಹಾರಕ್ಕೆ ಇಷ್ಟು ಸಾಕು. ಗಣಿತಕ್ಕೆ ಇದು ಸಾಲದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯನ್ನು ಗಣಿತದಷ್ಟು ನಿಷ್ಠೆಯಿಂದ ಪಾಲಿಸುವ ಶಾಸ್ತ್ರ ಬೇರೊಂದಿಲ್ಲ. ಎಷ್ಟೇ ಅಲ್ಪವಾದರೂ ಸಂಶಯ ಸಂಶಯವೇ. ಅದೃಷ್ಟವನ್ನಾಗಲಿ ಇನ್ನೂ ಸಿದ್ಧವಾಗದ ಊಹೆಯನ್ನಾಗಲಿ ನೆಚ್ಚದೆ, ವೇಗವನ್ನೂ ಬಿಟ್ಟುಕೊಡದೆ, ಯಾವ ಸಂಖ್ಯೆಗಾದರೂ ಖಚಿತವಾದ ಉತ್ತರ ಕೊಡುವ ವಿಧಾನ ಉಂಟೇ ಎಂಬ ಪ್ರಶ್ನೆ ಬಹುಕಾಲ ಹಾಗೆಯೇ ಉಳಿದಿತ್ತು. ಅದಕ್ಕೆ ಉತ್ತರ ಬಂದದ್ದು ಭಾರತದಿಂದ. 2002ರ ಆಗಸ್ಟ್ ತಿಂಗಳಲ್ಲಿ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಮಣೀಂದ್ರ ಅಗ್ರವಾಲ್ ಅವರೂ ಆ ವರ್ಷವಷ್ಟೇ ಪದವಿ ಮುಗಿಸಿದ್ದ ಅವರ ಇಬ್ಬರು ಶಿಷ್ಯರಾದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರೂ ಅಂಥ ವಿಧಾನವನ್ನು ಲೋಕದ ಮುಂದಿಟ್ಟರು. ಅವರ ಪ್ರಬಂಧ 2004ರಲ್ಲಿ ಗಣಿತದ ಶ್ರೇಷ್ಠ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 2006ರಲ್ಲಿ ಅದಕ್ಕೆ ಗಡೆಲ್ ಪ್ರಶಸ್ತಿ ಸಂದಿತು.

ಅವರು ಹಿಡಿದ ದಾರಿಯ ಮೊದಲ ಹೆಜ್ಜೆ ಛಂದಸ್ಸನ್ನು ಓದಿದ ವಿದ್ಯಾರ್ಥಿಗೆ ಅಪರಿಚಿತವಲ್ಲ. ಇಂತಿಷ್ಟು ಅಕ್ಷರಗಳ ಪಾದದಲ್ಲಿ ಲಘುಗುರುಗಳು ಎಷ್ಟು ಬಗೆಯಲ್ಲಿ ಬರಬಹುದೆಂದು ಎಣಿಸಲು ನಮ್ಮ ಛಂದಶ್ಶಾಸ್ತ್ರಜ್ಞರು ಮೇರುಪ್ರಸ್ತಾರವನ್ನು ಬಳಸಿದರು. ಮೇಲಿನ ಸಾಲಿನ ಅಕ್ಕಪಕ್ಕದ ಎರಡು ಸಂಖ್ಯೆಗಳನ್ನು ಕೂಡಿದರೆ ಕೆಳಗಿನ ಸಾಲಿನ ಸಂಖ್ಯೆ ದೊರೆಯುತ್ತದೆ. ಐದು ಅಕ್ಷರಗಳ ಸಾಲು 1, 5, 10, 10, 5, 1. ಇಲ್ಲಿ ಎರಡು ತುದಿಗಳ 1ನ್ನು ಬಿಟ್ಟರೆ ಉಳಿದವೆಲ್ಲ 5ರಿಂದ ಭಾಗವಾಗುತ್ತವೆ. ಏಳು ಅಕ್ಷರಗಳ ಸಾಲು 1, 7, 21, 35, 35, 21, 7, 1. ಇಲ್ಲಿಯೂ ನಡುವಿನವೆಲ್ಲ 7ರಿಂದ ಭಾಗವಾಗುತ್ತವೆ. ಆದರೆ ಆರು ಅಕ್ಷರಗಳ ಸಾಲಾದ 1, 6, 15, 20, 15, 6, 1 ಎಂಬಲ್ಲಿ 15 ಮತ್ತು 20 ಎಂಬುವು 6ರಿಂದ ಭಾಗವಾಗುವುದಿಲ್ಲ. ಸಾಲಿನ ಸಂಖ್ಯೆ ಅವಿಭಾಜ್ಯವಾದರೆ ಮಾತ್ರ ನಡುವಿನವೆಲ್ಲವೂ ಅದರಿಂದ ಭಾಗವಾಗುತ್ತವೆ. ಈ ನಿಯಮಕ್ಕೆ ಅಪವಾದವಿಲ್ಲ, ಯಾವ ಕಪಟ ಸಂಖ್ಯೆಯೂ ಇದನ್ನು ವಂಚಿಸಲಾರದು. ತೊಡಕೆಂದರೆ 309 ಅಂಕಿಗಳ ಸಂಖ್ಯೆಗೆ ಆ ಸಾಲು ಬರೆದು ಮುಗಿಯದಷ್ಟು ಉದ್ದ. ಮೇರುವಿನ ಸಾಲುಗಳೇ ಬೀಜಗಣಿತದಲ್ಲಿ ದ್ವಿಪದದ ಘಾತವನ್ನು ವಿಸ್ತರಿಸಿದಾಗ ಬರುವ ಸಹಗುಣಕಗಳು. ಆ ಉದ್ದವಾದ ವಿಸ್ತಾರವನ್ನು ಚಿಕ್ಕದೊಂದು ಬಹುಪದದಿಂದ ಭಾಗಿಸಿ, ಉಳಿದ ಶೇಷವನ್ನಷ್ಟೇ ಪರೀಕ್ಷಿಸಿದರೆ ಸಾಕೆಂದೂ, ಅಂಥ ಕೆಲವು ಪರೀಕ್ಷೆಗಳಿಂದಲೇ ಸಂಶಯಾತೀತವಾದ ನಿರ್ಣಯ ದೊರೆಯುವುದೆಂದೂ ಕಾನ್ಪುರದ ಮೂವರು ಸಾಧಿಸಿದರು. ಇಲ್ಲಿಯೂ ಕೈಹಿಡಿದದ್ದು ಶೇಷವೇ.

ಆ ಮೂವರಲ್ಲಿ ಒಬ್ಬರಾದ ನೀರಜ್ ಕಯಾಲ್ ಅವರು ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ತಮ್ಮ ಅಧ್ಯಯನವನ್ನು ಮುಂದುವರಿಸಿದರು. ಗಣನೆಯ ಕಾಠಿಣ್ಯವನ್ನು ಕುರಿತ ಸಂಶೋಧನೆಗಾಗಿ 2021ರಲ್ಲಿ ಅವರಿಗೆ ಗಣಿತ ವಿಭಾಗದ ಇನ್ಫೋಸಿಸ್ ಪ್ರಶಸ್ತಿ ದೊರೆಯಿತು.

ಇಷ್ಟಾದರೂ ಕೀಲಿಗಳನ್ನು ತಯಾರಿಸುವ ಯಂತ್ರಗಳು ಕಾನ್ಪುರದ ವಿಧಾನವನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಮಿಲ್ಲರ್ ಮತ್ತು ರಾಬಿನ್ನರ ಪರೀಕ್ಷೆ ಅದಕ್ಕಿಂತ ಬಹಳ ವೇಗವಾದದ್ದು. ಅದರಲ್ಲಿ ಉಳಿಯುವ ಸಂಶಯ, ಯಂತ್ರವೇ ಕೆಟ್ಟು ತಪ್ಪು ಹೇಳುವ ಸಂಭವಕ್ಕಿಂತಲೂ ಕಿರಿದು. ಹಾಗಾದರೆ ಖಚಿತತೆಗಾಗಿ ಪಟ್ಟ ಶ್ರಮ ವ್ಯರ್ಥವೇ? ನ್ಯಾಯಾಲಯದಲ್ಲಿ ಆರೋಪಿಯ ಮೇಲೆ ಸಾಕ್ಷ್ಯ ದೊರೆಯಲಿಲ್ಲವೆಂಬುದಕ್ಕೂ ಆತ ನಿರಪರಾಧಿಯೆಂದು ಸಿದ್ಧವಾಯಿತೆಂಬುದಕ್ಕೂ ಅಂತರವುಂಟು. ಆ ಅಂತರವನ್ನು ಮರೆಯದಿರುವುದೇ ವಿವೇಕ. ಎಲ್ಲಿ ಎಷ್ಟು ಖಚಿತತೆ ಸಾಕೆಂದು ತಿಳಿದು ನಡೆಯುವುದು ವ್ಯವಹಾರದ ಜಾಣ್ಮೆ. ಸಾಕೆಂದು ಲೋಕವೆಲ್ಲ ಹೇಳಿದ ಮೇಲೂ ಪೂರ್ಣ ಪ್ರಮಾಣವನ್ನು ಅರಸುವುದು ಶಾಸ್ತ್ರದ ಧರ್ಮ. ಎರಡೂ ಬೇಕು.

ಪೀಣ್ಯದ ಗೋಡೆ ಗಡಿಯಾರ 12 ದಾಟಿದೊಡನೆ ಮತ್ತೆ 1ರಿಂದ ಎಣಿಸುತ್ತದೆ. ಮಹಾವೀರಾಚಾರ್ಯನ ದಾರಿಹೋಕರು ಒಂದೂ ಉಳಿಯದಂತೆ ಹಣ್ಣು ಹಂಚಿಕೊಳ್ಳುತ್ತಾರೆ. ನ್ಯಾಯಬೆಲೆ ಅಂಗಡಿಯ ಅಜ್ಜಿಯ ಬೆರಳ ಗುರುತು ಮುಚ್ಚಿದ ಬೀಗದೊಳಗೆ ಪಯಣಿಸುತ್ತದೆ. ಈ ಮೂರರ ಹಿಂದೆಯೂ ಇರುವುದು ಒಂದೇ ಪ್ರಶ್ನೆ: ಭಾಗಿಸಿದ ಮೇಲೆ ಉಳಿದದ್ದೆಷ್ಟು? ಲೆಕ್ಕದ ಪುಸ್ತಕದ ಅಂಚಿನಲ್ಲಿ ಶೇಷವೆಂದು ಬರೆದು ಮರೆತುಬಿಡುವ ಆ ಪುಟ್ಟ ಸಂಖ್ಯೆಯ ಕಡೆಗೆ ಇನ್ನೊಮ್ಮೆ ಕಣ್ಣು ಹಾಯಿಸಿದರೆ ಅದು ಹೇಳುವ ಮಾತು ಬಹಳಷ್ಟಿರುತ್ತದೆ.